ಸೌದೆ ಮಾರೋದು ಸೋತವರ ಕೆಲಸವಲ್ಲ

ಸಾಮಾನ್ಯವಾಗಿ ನಾವು ವಿಜ್ಞಾನದ ಒಂದು ವಿಷಯ ತಗೊಂಡು ವಿವರಿಸ್ತೀವಿ. ಇವತ್ತು ವಿವರಣೆ ಜೊತೆಗೆ ನಮ್ಮ ಅಭಿಪ್ರಾಯವನ್ನೂ ಹೇಳ್ತೀವಿ. ಒಪ್ಪದಿದ್ದರೆ ಬರೆದು ಜಗಳ ಆಡಿ, ನಮಗೆ ಸಂತೋಷವೇ.

ಜಪಾನಿಗೆ ಹೋದವರು ಅಲ್ಲಿನ ಹಳೆಯ ಪ್ರಾಥಮಿಕ ಶಾಲೆಗಳ ಅಂಗಳದಲ್ಲಿ ಒಂದು ಪ್ರತಿಮೆ ನೋಡಿರಬಹುದು. ಒಬ್ಬ ಹುಡುಗ. ಬೆನ್ನ ಮೇಲೆ ಸೌದೆ ಹೊರೆ, ಕೈಯಲ್ಲಿ ತೆರೆದ ಪುಸ್ತಕ. ನಡೀತಾ ನಡೀತಾ ಓದ್ತಿದ್ದಾನೆ. ಅವನ ಹೆಸರು ನಿನೊಮಿಯಾ ಕಿಂಜಿರೊ. 1787ರಲ್ಲಿ ಈಗಿನ ಒದವಾರಾ ಊರಿನಲ್ಲಿ ರೈತರ ಮನೆಯಲ್ಲಿ ಹುಟ್ಟಿದವನು, ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳಕೊಂಡವನು. ಮುಂದೆ ಕೃಷಿ ಸುಧಾರಕರಾಗಿ ದೇಶಕ್ಕೇ ಹೆಸರಾದರು. ಮಕ್ಕಳಿಗೆ ಆ ಪ್ರತಿಮೆ ತೋರಿಸಿ 'ಕಷ್ಟದಲ್ಲೂ ಓದಬೇಕು' ಅಂತ ಹೇಳ್ತಾರೆ. ನಾವು ಇವತ್ತು ನೋಡಬೇಕಾದ್ದು ಪುಸ್ತಕವನ್ನಲ್ಲ, ಬೆನ್ನ ಮೇಲಿನ ಹೊರೆಯನ್ನು. ಕಥೆಯಲ್ಲಿ ಆ ಹುಡುಗ ಸೌದೆ ಹೊತ್ತದ್ದು ಮಾರೋದಕ್ಕೆ.

ಸೌದೆ ಮಾರಾಟ ಅಂದರೆ ಒಂದು ಕಾಲದಲ್ಲಿ ಅಲ್ಲಿ ಮರ್ಯಾದೆಯ ಜೀವನೋಪಾಯ. ಆಮೇಲೆ ಅದು ಹೆಚ್ಚು ಕಡಿಮೆ ಅಳಿದೇ ಹೋಯ್ತು. ಈಗ, ಕಾಡಿನಲ್ಲಿ ಮರ ಉರುಳಿಸಿ ದಿಮ್ಮಿ ಮಾರಿ ಬದುಕೋ ಕೆಲವರು ಮತ್ತೆ ಸೌದೆ ಸೀಳಿ, ಒಣಗಿಸಿ, ಮನೆಬಾಗಿಲಿಗೆ ತಲುಪಿಸೋ ವ್ಯಾಪಾರಕ್ಕೆ ಇಳಿದಿದ್ದಾರೆ. ಇದನ್ನು ಕೇಳಿದ ತಕ್ಷಣ 'ಅಯ್ಯೋ ಪಾಪ, ನಾಟಾ ವ್ಯಾಪಾರ ಬಿದ್ದುಹೋಯ್ತೇನೋ' ಅನಿಸುತ್ತೆ. ನಮಗೂ ಮೊದಲು ಹಾಗೇ ಅನಿಸಿತ್ತು. ಲೆಕ್ಕ ಹಾಕಿ ನೋಡಿದ ಮೇಲೆ ಅಭಿಪ್ರಾಯ ಬದಲಾಯ್ತು. ಸರಿಯಾಗಿ ಮಾಡಿದರೆ ಸೌದೆ ವ್ಯಾಪಾರ ಕಾಡಿಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಆದರೆ 'ಸರಿಯಾಗಿ' ಅನ್ನೋ ಆ ಒಂದು ಪದದೊಳಗೆ ಬೇಕಾದಷ್ಟು ವಿಜ್ಞಾನ ಇದೆ. ಬನ್ನಿ, ಬಿಡಿಸಿ ನೋಡೋಣ.

ಹೊರೆ ಇಳಿದದ್ದು ಹೇಗೆ

1950ರ ದಶಕದವರೆಗೂ ಜಪಾನಿನ ಹಳ್ಳಿಗಳಲ್ಲಿ ಅಡುಗೆ, ಸ್ನಾನದ ನೀರು, ಚಳಿ ಕಾಯಿಸೋದು ಬಹುಪಾಲು ಸೌದೆ ಮತ್ತು ಇದ್ದಿಲಿನಿಂದಲೇ ನಡೀತಿತ್ತು. ಆ ದಶಕದಲ್ಲಿ ದೇಶ ವರ್ಷಕ್ಕೆ 20 ಲಕ್ಷ ಟನ್ ಆಸುಪಾಸು ಇದ್ದಿಲು ತಯಾರಿಸ್ತಿತ್ತು. ಇದೆಲ್ಲ ಬರ್ತಿದ್ದದ್ದು ಊರಿಗೆ ಅಂಟಿಕೊಂಡ ಗುಡ್ಡಗಳಿಂದ. ಅಂಥ ಕಾಡಿಗೆ ಅವರು ಸಾತೊಯಾಮಾ ಅಂತಾರೆ. ಮಲೆನಾಡಿನವರಿಗೆ ಸುಲಭವಾಗಿ ಅರ್ಥವಾಗೋ ಹಾಗೆ ಹೇಳಬೇಕಂದ್ರೆ, ನಮ್ಮ ಸೊಪ್ಪಿನ ಬೆಟ್ಟ ಇದೆಯಲ್ಲ, ಹೆಚ್ಚು ಕಡಿಮೆ ಅದೇ. ಗೊಬ್ಬರಕ್ಕೆ ತರಗೆಲೆ, ಒಲೆಗೆ ಸೌದೆ, ಅಣಬೆ, ಗೆಡ್ಡೆ ಎಲ್ಲ ಅಲ್ಲಿಂದಲೇ.

ಆ ಗುಡ್ಡಗಳ ಮುಖ್ಯ ಮರಗಳು ಕೊನಾರಾ ಮತ್ತು ಕುನುಗಿ. ಎರಡೂ ಓಕ್ ಜಾತಿಯವು. ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಬುಡದ ಹತ್ತಿರ ಕಡೀತಿದ್ದರು. ಬೇರು ಸಾಯ್ತಿರಲಿಲ್ಲ, ಬೊಡ್ಡೆಯಿಂದ ಹತ್ತಾರು ಚಿಗುರು ಏಳ್ತಿದ್ದವು. ಕಬ್ಬಿನಲ್ಲಿ ಕೂಳೆ ಬೆಳೆ ತೆಗೀತೀವಲ್ಲ, ಹಾಗೆ. ಒಂದೇ ಬೊಡ್ಡೆಯಿಂದ ಅಪ್ಪನೂ ಸೌದೆ ತೆಗೆದ, ಮಗನೂ ತೆಗೆದ, ಮೊಮ್ಮಗನೂ ತೆಗೆದ.

1960ರ ದಶಕದಲ್ಲಿ ಗ್ಯಾಸ್ ಬಂತು, ಸೀಮೆಎಣ್ಣೆ ಬಂತು, ಕರೆಂಟು ಬಂತು. ಸೌದೆ ಹೊರೋ ಕಷ್ಟ ತಪ್ಪಿತು, ಅದು ಒಳ್ಳೆಯದೇ ಆಯ್ತು. ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ನಡೀತಿತ್ತು. ಯುದ್ಧದಲ್ಲಿ ಸುಟ್ಟುಹೋದ ಊರುಗಳನ್ನು ಮತ್ತೆ ಕಟ್ಟೋದಕ್ಕೆ ನಾಟಾ ಬೇಕಿತ್ತು. ಹಾಗಾಗಿ ಸರ್ಕಾರದ ಪ್ರೋತ್ಸಾಹದಿಂದ ಗುಡ್ಡಗುಡ್ಡಗಳಲ್ಲೇ ಹಳೆಯ ಮರ ಕಡಿದು ಸುಗಿ ಮತ್ತು ಹಿನೋಕಿ ನೆಟ್ಟರು. ಸುಗಿ ಮರವನ್ನು ನೀವು ಡಾರ್ಜಿಲಿಂಗಿನಲ್ಲಿ ನೋಡಿರಬಹುದು. ಅಲ್ಲಿ ಧುಪಿ ಅಂತ ಕರೆಯೋ, ಮಂಜಿನಲ್ಲಿ ಕಪ್ಪಗೆ ಕಾಣೋ ನೆಟ್ಟಗಿನ ಮರ ಇದೇ, ಜಪಾನಿನಿಂದ ಬಂದದ್ದು.

ಇವತ್ತು ಜಪಾನಿನ ಮೂರನೇ ಎರಡು ಭಾಗ ಕಾಡು, ಸುಮಾರು 250 ಲಕ್ಷ ಹೆಕ್ಟೇರ್. ಅದರಲ್ಲಿ 100 ಲಕ್ಷ ಹೆಕ್ಟೇರ್ ಮನುಷ್ಯರು ನೆಟ್ಟ ತೋಪು. ನೆಟ್ಟ ಸಸಿ ಮರವಾಗೋದಕ್ಕೆ ಸುಮಾರು 50 ವರ್ಷ ಬೇಕು. ಆದರೆ 1964ರ ಹೊತ್ತಿಗೇ ಹೊರದೇಶದ ನಾಟಾ ಮುಕ್ತವಾಗಿ ಒಳಗೆ ಬರೋದಕ್ಕೆ ಶುರುವಾಗಿತ್ತು. ನಿಂತ ಸುಗಿ ಮರಕ್ಕೆ 1980ರಲ್ಲಿ ಘನ ಮೀಟರಿಗೆ 22 ಸಾವಿರ ಯೆನ್‌ಗೂ ಹೆಚ್ಚು ಬೆಲೆ ಇತ್ತು. 2020ರ ಹೊತ್ತಿಗೆ ಅದು 3 ಸಾವಿರ ಯೆನ್ ಆಸುಪಾಸಿಗೆ ಬಿತ್ತು. ಹಿಂದಿನ ಬೆಲೆಯ ಏಳನೇ ಒಂದು ಪಾಲು! 1980ರಲ್ಲಿ ಕಾಡಿನ ಕೆಲಸ ಮಾಡ್ತಿದ್ದವರು ಸುಮಾರು 1 ಲಕ್ಷ 46 ಸಾವಿರ, 2020ರಲ್ಲಿ ಸುಮಾರು 44 ಸಾವಿರ.

ಅಜ್ಜ ಮೊಮ್ಮಗನಿಗಾಗಿ ಅಂತ ನೆಟ್ಟ ತೋಪು ಮೊಮ್ಮಗನಿಗೆ ಹೊರೆಯಾಯ್ತು. ಕಡಿಯೋ ಕೂಲಿಯೂ ಹುಟ್ಟಲ್ಲ. ಹಾಗಂತ ಬಿಟ್ಟರೆ ಮರಗಳು ಒತ್ತೊತ್ತಾಗಿ ಬೆಳೆದು ನೆಲಕ್ಕೆ ಬಿಸಿಲೇ ಬೀಳಲ್ಲ, ಅಡಿಯಲ್ಲಿ ಹುಲ್ಲು ಸೊಪ್ಪು ಹುಟ್ಟಲ್ಲ, ಮಳೆಗೆ ಮಣ್ಣು ಕೊಚ್ಚಿಹೋಗುತ್ತೆ. ಜೊತೆಗೆ ವಸಂತದಲ್ಲಿ ಸುಗಿಯ ಪರಾಗ. 2019ರ ಒಂದು ಸಮೀಕ್ಷೆ ಪ್ರಕಾರ ಜಪಾನಿನಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಜನಕ್ಕೆ ಈ ಪರಾಗದ ಅಲರ್ಜಿ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ಟೋಕಿಯೋದಲ್ಲಿ ಸೀನುತ್ತಾ ಓಡಾಡೋ ನಮ್ಮ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕ ಟ್ರಕ್, ಸಂಜೆಯ ಒಂದು ಲೋಟ

ಕಡಿದ ಮರವನ್ನು ಅಲ್ಲಿನ ವ್ಯಾಪಾರದಲ್ಲಿ ನಾಲ್ಕು ದರ್ಜೆ ಮಾಡ್ತಾರೆ. ನೆಟ್ಟಗಿರೋದು ಎ, ಕಂಬ ಹಲಗೆಗೆ. ಸ್ವಲ್ಪ ಸೊಟ್ಟಗಿರೋದು ಬಿ, ಪ್ಲೈವುಡ್ಡಿಗೆ. ಇನ್ನೂ ಸೊಟ್ಟ ಅಥವಾ ಸಣ್ಣದು ಸಿ, ಕಾಗದದ ಚಿಪ್ಸಿಗೆ. ಕೊಂಬೆ, ತುದಿ ಎಲ್ಲ ಡಿ. ತೋಪು ಸವರೋವಾಗ, ಅಂದರೆ ಮಧ್ಯ ಮಧ್ಯದ ಮರ ತೆಗೆದು ಉಳಿದವಕ್ಕೆ ಜಾಗ ಮಾಡೋವಾಗ, ಸಿಗೋದರಲ್ಲಿ ಸಿ ಮತ್ತು ಡಿ ಬೇಕಾದಷ್ಟು. ಸಾಗಿಸೋ ಖರ್ಚೇ ಹೆಚ್ಚು ಅಂತ ಬಹಳಷ್ಟನ್ನು ಕಾಡಲ್ಲೇ ಬಿಟ್ಟು ಬರ್ತಿದ್ದರು.

ಶಿಕೊಕು ದ್ವೀಪದ ಕೊಚಿ ಪ್ರಾಂತದಲ್ಲಿ 'ತೋಸಾ ನೊ ಮೊರಿ ಕ್ಯೂಎನ್‌ತಾಯ್' ಅಂತ ಒಂದು ಸಂಸ್ಥೆ ಇದೆ, 'ತೋಸಾ ಕಾಡಿನ ರಕ್ಷಣಾ ಪಡೆ' ಅಂತ ಅರ್ಥ. ಅವರ ಪ್ರಶ್ನೆ ಸರಳವಾಗಿತ್ತು. ದೊಡ್ಡ ಕಂಪನಿ, ದೊಡ್ಡ ಯಂತ್ರ ಬರೋವರೆಗೆ ಕಾಯೋದು ಯಾಕೆ? ತನ್ನ ಗುಡ್ಡದ ಮರವನ್ನು ರೈತನೇ ಕಡೀಲಿ, ತನ್ನ ಚಿಕ್ಕ ಟ್ರಕ್ಕಿನಲ್ಲೇ ತರಲಿ. ಈ ಯೋಚನೆಯಿಂದ ಬೆಳೆದದ್ದೇ 'ಕಿ ನೊ ಎಕಿ', ಅಂದರೆ ಮರದ ನಿಲ್ದಾಣ. ಗಿಫು ಪ್ರಾಂತದ ಎನಾ, ತೊತ್ತೊರಿ ಪ್ರಾಂತದ ಚಿಜು ಮುಂತಾದ ಊರುಗಳಲ್ಲಿ ಶುರುವಾಗಿ ದೇಶದ ಬೇರೆ ಬೇರೆ ಕಡೆ ಹಬ್ಬಿತು.

ಕೆಲಸ ನಡೆಯೋದು ಹೀಗೆ. ಊರಿನ ಒಂದು ಬಯಲಿನಲ್ಲಿ ನಿಲ್ದಾಣ. ಯಾರು ಬೇಕಾದರೂ ತಮ್ಮ ಗುಡ್ಡದ ಸಿ ದರ್ಜೆ ಮರ ತಂದು ಹಾಕಬಹುದು. ತಂದವರಿಗೆ ಸಿಗೋದು ದುಡ್ಡಲ್ಲ, ಆ ಊರಿನ ಅಂಗಡಿಗಳಲ್ಲಿ ಮಾತ್ರ ನಡೆಯೋ ಚೀಟಿ. ಮೊದಮೊದಲು ಶುರುವಾದ ಕಡೆಗಳಲ್ಲಿ ಟನ್ನಿಗೆ 6000 ಯೆನ್ ಆಸುಪಾಸಿನ ಚೀಟಿ. ಚಿಪ್ಸ್ ಕಂಪನಿ ಕೊಡ್ತಿದ್ದದ್ದು ಅದರ ಅರ್ಧದಷ್ಟು. ಉಳಿದದ್ದನ್ನು ಊರಿನ ಆಡಳಿತ ಮತ್ತು ದಾನಿಗಳು ತುಂಬ್ತಿದ್ದರು. ಇವರ ಘೋಷಣೆ ಕೇಳಿದರೆ ನಗು ಬರುತ್ತೆ. 'ಒಂದು ಚಿಕ್ಕ ಟ್ರಕ್, ಒಂದು ಚೈನ್‌ಸಾ, ಸಂಜೆಗೊಂದು ಲೋಟ' ಅನ್ನೋ ಧಾಟಿಯಲ್ಲಿದೆ. ಕೋಟಿ ಗಳಿಸೋ ಕನಸಲ್ಲ, ವಾರಾಂತ್ಯದಲ್ಲಿ ದುಡಿದು ಊರಿನ ಅಂಗಡಿಯಲ್ಲೇ ಒಂದು ಬಾಟಲಿ ಕೊಳ್ಳೋ ಕನಸು.

ಅವಶೇಷವೇ ಸೌದೆಯಾದಾಗ

ಇನ್ನೊಂದು ಕಥೆ ನಗು ತರೋದಲ್ಲ. 2011ರ ಮಾರ್ಚ್ 11ರ ಸುನಾಮಿ. ಇವಾತೆ ಪ್ರಾಂತದ ಒತ್ಸುಚಿ ಪಟ್ಟಣದಲ್ಲಿ ಮೇಯರ್ ಸೇರಿದಂತೆ 1200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಆ ಪಟ್ಟಣದ ಕಿರಿಕಿರಿ ಅನ್ನೋ ಮೀನುಗಾರರ ಕೇರಿಯಲ್ಲಿ (ಹೌದು, ಹೆಸರೇ ಹಾಗೆ, ನಮ್ಮ ಕನ್ನಡದ ಕಿರಿಕಿರಿಗೂ ಅದಕ್ಕೂ ಸಂಬಂಧ ಇಲ್ಲ) ಮನೆ ಹೋಯ್ತು, ದೋಣಿ ಹೋಯ್ತು, ಕೆಲಸ ಹೋಯ್ತು. ಉಳಿದದ್ದು ಒಡೆದ ಮನೆಗಳ ತೊಲೆ, ಕಂಬಗಳ ರಾಶಿ.

ಆಶ್ರಯ ಶಿಬಿರದಲ್ಲಿದ್ದ ಜನ ಆ ತೊಲೆಗಳ ಮೊಳೆ ಕಿತ್ತು, ಕೊಯ್ದು, ಸೀಳಿ, ಚೀಲಕ್ಕೆ ತುಂಬಿ ಮಾರೋದಕ್ಕೆ ಶುರು ಮಾಡಿದರು. 10 ಕೆಜಿ ಚೀಲಕ್ಕೆ 500 ಯೆನ್. ಇಟ್ಟ ಹೆಸರು 'ಫುಕ್ಕಾತ್ಸು ನೊ ಮಾಕಿ', ಪುನರುಜ್ಜೀವನದ ಸೌದೆ. ದೇಶದ ಮೂಲೆಮೂಲೆಯಿಂದ ಆರ್ಡರ್ ಬಂತು. ದುಡಿದವರ ಕೈಗೆ ಸ್ವಂತ ಸಂಪಾದನೆ ಬಂತು. ಅವಶೇಷದ ಮರ ಮುಗಿದ ಮೇಲೂ ಅವರು ಕೆಲಸ ನಿಲ್ಲಿಸಲಿಲ್ಲ. 'ಕಿರಿಕಿರಿ ಕೊಕು' ಅನ್ನೋ ಸಂಸ್ಥೆ ಕಟ್ಟಿಕೊಂಡು, ಬೆನ್ನಿಗಿದ್ದ ಗುಡ್ಡ ಹತ್ತಿ, ಸುಗಿ ತೋಪು ಸವರೋದು ಕಲಿತು, ಅದೇ ಸೌದೆ ಮಾರಿದರು. ಮರ ಕಡಿಯುವವರು ಸೌದೆಗೆ ಇಳಿಯೋದು ಸಾಮಾನ್ಯ. ಇಲ್ಲಿ ಸೌದೆ ಹಿಡಿದು ಜನ ಕಾಡಿನ ಕೆಲಸಕ್ಕೆ ಏರಿದರು. ಸೌದೆ ವ್ಯಾಪಾರಕ್ಕೆ ದೊಡ್ಡ ಬಂಡವಾಳ ಬೇಡ, ಎಲ್ಲ ಕಳಕೊಂಡವರೂ ಶುರು ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಮಾರೋದು ಮರವನ್ನಲ್ಲ, ಒಣಗನ್ನು

ಈಗ ವಿಜ್ಞಾನ. ಪೂರ್ತಿ ಒಣಗಿದ ಒಂದು ಕೆಜಿ ಮರ ಸುಟ್ಟರೆ ಸುಮಾರು 5 ಯೂನಿಟ್ ಶಾಖ. ಕರೆಂಟ್ ಬಿಲ್ಲಿನಲ್ಲಿ ಬರುತ್ತಲ್ಲ, ಅದೇ ಯೂನಿಟ್. ಇದು ಓಕ್ ಆಗಲಿ, ಸುಗಿ ಆಗಲಿ, ನಮ್ಮ ಹುಣಸೆ ಆಗಲಿ, ತೂಕದ ಲೆಕ್ಕದಲ್ಲಿ ಹೆಚ್ಚು ಕಡಿಮೆ ಒಂದೇ. ಸುಗಿಯಂಥ ಸೂಜಿ ಎಲೆಯ ಮರಗಳಲ್ಲಿ ಲಿಗ್ನಿನ್ ಸ್ವಲ್ಪ ಹೆಚ್ಚಿರೋದರಿಂದ ತೂಕಕ್ಕೆ ಅವೇ ಒಂದು ಕೈ ಮೇಲು. ಆದರೆ ಸುಗಿ ಹಗುರ, ಕೊನಾರಾ ಅದರ ಸುಮಾರು ಎರಡು ಪಟ್ಟು ಭಾರ. ಹಾಗಾಗಿ ಒಲೆಯೊಳಗೆ ಒಂದೇ ಗಾತ್ರದ ತುಂಡಿಟ್ಟರೆ ಸುಗಿ ಬೇಗ ಉರಿದು ಮುಗಿಯುತ್ತೆ, ಕೊನಾರಾ ರಾತ್ರಿಯೆಲ್ಲ ಕೆಂಡವಾಗಿ ಇರುತ್ತೆ. ಜಪಾನಿನ ಗಿರಾಕಿಗಳು 'ನಾರಾ ಜಾತಿಯ ಸೌದೆಯೇ ಬೇಕು' ಅಂತ ಹಟ ಹಿಡಿಯೋದು ಇದಕ್ಕೇ.

ನಿಜವಾದ ವ್ಯತ್ಯಾಸ ಮರದ ಜಾತಿಯಲ್ಲಿಲ್ಲ, ತೇವದಲ್ಲಿದೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರು. ಅಂಥ ಒಂದು ಕೆಜಿ ಹಸಿ ಸೌದೆಯಿಂದ ಸಿಗೋದು ಎರಡು ಯೂನಿಟ್‌ಗಿಂತ ತುಸು ಹೆಚ್ಚು. ತೇವ ಶೇ 20ಕ್ಕೆ ಇಳಿದರೆ ಅದೇ ಒಂದು ಕೆಜಿಗೆ 4 ಯೂನಿಟ್.

ಇಲ್ಲಿ ಒಂದು ಸೂಕ್ಷ್ಮ ಇದೆ. 'ನೀರನ್ನು ಆವಿ ಮಾಡೋದಕ್ಕೇ ಶಾಖವೆಲ್ಲ ಖರ್ಚಾಗುತ್ತೆ' ಅಂತ ಸಾಮಾನ್ಯವಾಗಿ ಹೇಳ್ತಾರೆ. ಲೆಕ್ಕ ಹಾಕಿದರೆ ಅರ್ಧ ಕೆಜಿ ನೀರು ಆವಿಯಾಗೋದಕ್ಕೆ ಯೂನಿಟ್‌ನ ಮೂರನೇ ಒಂದು ಭಾಗ ಸಾಕು. ದೊಡ್ಡ ನಷ್ಟ ಬೇರೆ ಕಡೆ ಇದೆ. ಆ ಆವಿ ಬೆಂಕಿಯ ಬಿಸಿಯನ್ನು ಇಳಿಸುತ್ತೆ. ಮರ ಬಿಸಿಯಾದಾಗ ಹೊರಬರೋ ಅನಿಲಗಳು ಪೂರ್ತಿ ಉರಿಯೋದಕ್ಕೆ ಸಾಕಷ್ಟು ಬಿಸಿ ಬೇಕು. ಅದು ಸಿಗದಿದ್ದರೆ ಅವು ಉರಿಯದೇ ಹೊಗೆಯಾಗಿ ಹೋಗ್ತವೆ, ಚಿಮಣಿಯೊಳಗೆ ಡಾಂಬರಿನಂಥ ಮಸಿಯಾಗಿ ಅಂಟ್ತವೆ. ಮುಂದೊಂದು ದಿನ ಆ ಮಸಿಗೇ ಬೆಂಕಿ ಹತ್ತಬಹುದು. ಹಸಿ ಸೌದೆ ಊದಿ ಊದಿ ಕಣ್ಣಲ್ಲಿ ನೀರು ತುಂಬಿಕೊಂಡ ಅಜ್ಜಿಯರಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಅಲ್ವಾ, ಮಳೆಗಾಲದ ಸೌದೆಯನ್ನು ಬೇಸಿಗೆಯಲ್ಲೇ ಸೀಳಿ ಕೊಟ್ಟಿಗೆಯಲ್ಲಿ ಒಟ್ಟಿ ಇಡ್ತಿದ್ದದ್ದು?

ಒಣಗೋದಕ್ಕೆ ಎಷ್ಟು ಕಾಲ? ದುಂಡು ಕೊರಡಿನಲ್ಲಿ ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತೆ, ನೀರು ಹೊರಡೋದು ಮುಖ್ಯವಾಗಿ ಎರಡು ತುದಿಗಳಿಂದ. ಸೀಳಿದರೆ ದಾರಿ ತೆರೆಯುತ್ತೆ. ಸೀಳಿ, ಗಾಳಿ ಆಡೋ ಹಾಗೆ ಒಟ್ಟಿ, ಮೇಲೆ ಸೂರು ಮಾಡಿದರೆ ಸುಗಿ ಕೆಲವೇ ತಿಂಗಳಲ್ಲಿ ಒಣಗುತ್ತೆ. ಕೊನಾರಾಕ್ಕೆ ಒಂದೆರಡು ಬೇಸಿಗೆ ಬೇಕು. ಜಪಾನಿನ ಗಾಳಿಯಲ್ಲೇ ತೇವ ಇರೋದರಿಂದ ಹೊರಗಿಟ್ಟ ಮರ ಶೇ 15ಕ್ಕಿಂತ ಕೆಳಗೆ ಇಳಿಯೋದು ಕಷ್ಟ. ಅಷ್ಟು ಸಾಕು.

ಸೌದೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ತೇವದ ಲೆಕ್ಕ ಎರಡು ಥರ ಇದೆ. ನೀರಿನ ತೂಕವನ್ನು ಒಟ್ಟು ತೂಕದಿಂದ ಭಾಗಿಸೋದು ಒಂದು. ಒಣ ಮರದ ತೂಕದಿಂದ ಭಾಗಿಸೋದು ಇನ್ನೊಂದು. ಅರ್ಧ ನೀರಿರೋ ಮರ ಮೊದಲ ಲೆಕ್ಕದಲ್ಲಿ ಶೇ 50, ಎರಡನೆಯದರಲ್ಲಿ ಶೇ 100! 'ಶೇ ಎಷ್ಟು' ಅಂತ ಕೇಳೋ ಮೊದಲು 'ಯಾವ ಲೆಕ್ಕ' ಅಂತ ಕೇಳಿ.

ಒಂದು ಟನ್ನಿನ ಲೆಕ್ಕ

ಈಗ ಮರದ ನಿಲ್ದಾಣದ ರೈತನನ್ನೂ ಕಿರಿಕಿರಿಯ ಸೌದೆಯನ್ನೂ ಪಕ್ಕಪಕ್ಕ ಇಡೋಣ. ಜಪಾನಿನ ಚಿಕ್ಕ ಟ್ರಕ್ಕಿಗೆ ಕಾನೂನು ಪ್ರಕಾರ 350 ಕೆಜಿ ಹೊರೆ. ಒಂದು ಟನ್ ಹಸಿ ಮರ ಅಂದರೆ ಮೂರು ಸಲ ಓಡಾಟ. ನಿಲ್ದಾಣದಲ್ಲಿ ಹಾಕಿದರೆ 6000 ಯೆನ್ ಚೀಟಿ.

ಅದೇ ಒಂದು ಟನ್ನನ್ನು ಸೀಳಿ ಒಣಗಿಸಿದರೆ? ಅರ್ಧ ನೀರಿತ್ತು, ಅಂದರೆ 500 ಕೆಜಿ ಒಣ ಮರ. ಶೇ 20 ತೇವ ಉಳಿದಾಗ ತೂಕ 625 ಕೆಜಿ. ಕಿರಿಕಿರಿಯ ದರದಲ್ಲಿ, ಕೆಜಿಗೆ 50 ಯೆನ್‌ನಂತೆ, 31 ಸಾವಿರ ಯೆನ್‌ಗೂ ಹೆಚ್ಚು. ತೂಕ ಕಡಿಮೆಯಾಯ್ತು, ಬೆಲೆ ಐದು ಪಟ್ಟಾಯ್ತು!

ಈ ವ್ಯತ್ಯಾಸ ಲಾಭ ಅಲ್ಲ, ನೆನಪಿರಲಿ. ಕೊಯ್ಯೋದು, ಸೀಳೋದು, ಒಟ್ಟೋದು, ವರ್ಷಗಟ್ಟಲೆ ಜಾಗ ಕೊಡೋದು, ಚೀಲ, ಸಾಗಾಟ, ಎಲ್ಲ ಅದರಲ್ಲೇ. ಆದರೆ ಅಷ್ಟೂ ಕೆಲಸ ಊರೊಳಗೇ ನಡೆಯುತ್ತೆ, ಕೂಲಿ ಊರಲ್ಲೇ ಉಳಿಯುತ್ತೆ. ಗುಡ್ಡ ಹತ್ತಲಾಗದ ವಯಸ್ಸಿನವರೂ ಸೀಳೋ ಯಂತ್ರದ ಪಕ್ಕ ಕೂತು ದುಡಿಯಬಹುದು. ಜಪಾನಿನಲ್ಲಿ ಕಾಡಿನ ಕೆಲಸದ ಅಪಘಾತ ಬೇರೆ ಕೆಲಸಗಳ ಸರಾಸರಿಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಒಂದೇ ಮರದಿಂದ ಹೆಚ್ಚು ಗಳಿಸೋದು ಅಂದರೆ ಅಷ್ಟೇ ಗಳಿಕೆಗೆ ಕಡಿಮೆ ಮರ ಉರುಳಿಸೋದು ಅಂತಲೂ ಅರ್ಥ.

ತಲುಪಿಸೋ ರೀತಿಯಲ್ಲೂ ಜಾಣತನ ಬಂದಿದೆ. ನಾಗಾನೊ ಪ್ರಾಂತದ ಇನಾ ಊರಿನ ಡಿಎಲ್‌ಡಿ ಅನ್ನೋ ಸ್ಟೌವ್ ಕಂಪನಿ, ಗಿರಾಕಿಯ ಮನೆಯಲ್ಲಿ ಒಂದು ಸೌದೆ ಗೂಡು ಇಡುತ್ತೆ. ಚಳಿಗಾಲದಲ್ಲಿ ಆಗಾಗ ಬಂದು ಖಾಲಿಯಾದಷ್ಟು ತುಂಬಿ, ತುಂಬಿದಷ್ಟಕ್ಕೇ ಬಿಲ್ ಮಾಡುತ್ತೆ. ಗ್ಯಾಸ್ ಸಿಲಿಂಡರ್ ಬಂದ ಹಾಗೆ ಸೌದೆ ಬರುತ್ತೆ. ಅವರು ಬಳಸೋದು ಪೈನ್, ಲಾರ್ಚ್‌ನಂಥ ಸ್ಥಳೀಯ ಸೂಜಿ ಎಲೆಯ ಮರಗಳನ್ನು. ನಾರಾ ಮಾತ್ರವೇ ಸೌದೆ ಅನ್ನೋ ಹಟಕ್ಕೆ ಇದೇ ಉತ್ತರ. ಒಂದು ಚಿಕ್ಕ ಟ್ರಕ್ ಒಣ ಸೌದೆ ಅಂದರೆ ಸುಮಾರು 1400 ಯೂನಿಟ್ ಶಾಖ, ಹತ್ತಿರ ಹತ್ತಿರ 140 ಲೀಟರ್ ಸೀಮೆಎಣ್ಣೆಗೆ ಸಮ. ಆ ಸೀಮೆಎಣ್ಣೆಯ ದುಡ್ಡು ಕೊನೆಗೆ ತೈಲ ದೇಶಗಳಿಗೆ ಹೋಗ್ತಿತ್ತು.

ಕಡಿಯದೇ ಇದ್ದರೂ ಸಾಯೋ ಮರಗಳು

'ಕೊಡಲಿ ಕಾವು ಕುಲಕ್ಕೆ ಮೂಲ' ಅಂತ ಗಾದೆ ಇದೆ. ಮರದ ಹಿಡಿಯೇ ಮರದ ಕುಲವನ್ನು ಕಡಿಯುತ್ತೆ ಅಂತ. ಸಾತೊಯಾಮಾದಲ್ಲಿ ಈ ಗಾದೆ ತಿರುಗಾ ಮುರುಗಾ ಆಗಿದೆ. ಕೊಡಲಿ ನಿಂತದ್ದೇ ಕುಲಕ್ಕೆ ಕುತ್ತಾಯ್ತು.

ಸುಮಾರು 5 ಮಿಲಿಮೀಟರ್ ಉದ್ದದ ಒಂದು ದುಂಬಿ ಇದೆ, ಪ್ಲಾಟಿಪಸ್ ಕ್ವೆರ್ಸಿವೋರಸ್. ಗಂಡು ದುಂಬಿ ಓಕ್ ಮರದ ಕಾಂಡಕ್ಕೆ ತೂತು ಕೊರೆದು, ವಾಸನೆ ಬಿಟ್ಟು ಬಳಗವನ್ನು ಕರೆಯುತ್ತೆ. ನೂರಾರು ದುಂಬಿ ಒಂದೇ ಮರಕ್ಕೆ ಮುತ್ತುತ್ತವೆ. ಹೆಣ್ಣು ದುಂಬಿ ಬೆನ್ನಿನ ಪುಟ್ಟ ಗುಳಿಗಳಲ್ಲಿ ಶಿಲೀಂಧ್ರ ಹೊತ್ತು ತರುತ್ತೆ. ಅದು ಒಳಗೆ ಹಬ್ಬಿ ಮರದ ನೀರಿನ ದಾರಿ ಮುಚ್ಚುತ್ತೆ. ಬೇಸಿಗೆಯ ನಡುವೆ, ಸುತ್ತ ಎಲ್ಲ ಹಸಿರಾಗಿರೋವಾಗ, ಆ ಮರಗಳು ಮಾತ್ರ ಕೆಂಪಾಗಿ ಒಣಗಿ ನಿಲ್ತವೆ. ಇದಕ್ಕೆ ನಾರಾಗಾರೆ ಅಂತ ಹೆಸರು. 2010ರಲ್ಲಿ ಇದರ ಹಾವಳಿ ಉತ್ತುಂಗಕ್ಕೇರಿ, ಒಂದೇ ವರ್ಷದಲ್ಲಿ 3 ಲಕ್ಷ ಘನ ಮೀಟರಿಗೂ ಹೆಚ್ಚು ಮರ ಹಾಳಾಯ್ತು.

ದುಂಬಿಗೆ ಇಷ್ಟ ದಪ್ಪ ಮರ, ಅದರಲ್ಲಿ ಮರಿಗಳಿಗೆ ಜಾಗ ಹೆಚ್ಚು. ಹದಿನೈದು ಇಪ್ಪತ್ತು ವರ್ಷಕ್ಕೊಮ್ಮೆ ಕಡೀತಿದ್ದಾಗ ಗುಡ್ಡದಲ್ಲಿ ದಪ್ಪ ಮರವೇ ಕಡಿಮೆ ಇತ್ತು. ಸೌದೆ ನಿಂತು 60 ವರ್ಷವಾದ ಮೇಲೆ ದುಂಬಿಗೆ ಹಬ್ಬ. ಇನ್ನೊಂದು ತೊಂದರೆಯೂ ಇದೆ. ಬೊಡ್ಡೆಗೆ ವಯಸ್ಸಾದಷ್ಟೂ ಚಿಗುರೋ ಶಕ್ತಿ ಇಳಿಯುತ್ತೆ. ಈಗ ಕಡಿದರೆ ಕೆಲವು ಚಿಗುರ್ತವೆ, ಕೆಲವು ಇಲ್ಲ. ಇನ್ನಿಪ್ಪತ್ತು ವರ್ಷ ಬಿಟ್ಟರೆ ಚಿಗುರೋವು ಇನ್ನೂ ಕಡಿಮೆ. ತಲೆಮಾರುಗಳಿಂದ ನಡೆದು ಬಂದ ಆ ಕೂಳೆ ಬೆಳೆಯ ಬಾಗಿಲು ನಿಧಾನವಾಗಿ ಮುಚ್ಚಿಕೊಳ್ತಿದೆ.

ಹಾಗಂತ ರೋಗದ ಮರವನ್ನು ಸೌದೆ ಮಾಡಿ ಎಲ್ಲೆಂದರಲ್ಲಿ ಮಾರಬಾರದು, ದುಂಬಿಯೂ ಜೊತೆಗೆ ಪ್ರಯಾಣ ಮಾಡುತ್ತೆ. ಚಿಕ್ಕದಾಗಿ ಸೀಳಿ ಚೆನ್ನಾಗಿ ಒಣಗಿಸಿ, ಮುಂದಿನ ಬೇಸಿಗೆಯ ಶುರುವಿಗೆ ದುಂಬಿ ಹೊರಡೋ ಮೊದಲೇ ಆ ಊರಲ್ಲೇ ಸುಟ್ಟು ಮುಗಿಸಬೇಕು. ಹತ್ತಿರದ ಸೌದೆ ಹತ್ತಿರದಲ್ಲೇ ಉರಿಯಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ನಮ್ಮ ವಿರುದ್ಧದ ಮಾತುಗಳು

ಇಷ್ಟು ಹೊಗಳಿದ ಮೇಲೆ ಎದುರು ವಾದ ಕೇಳದಿದ್ದರೆ ಅನ್ಯಾಯ.

ಮೊದಲನೆಯದು ಹೊಗೆ. ಸೌದೆ ಹೊಗೆಯಲ್ಲಿರೋ ಸೂಕ್ಷ್ಮ ಕಣ ಶ್ವಾಸಕೋಶಕ್ಕೆ ಕೆಟ್ಟದ್ದು, ಇದರಲ್ಲಿ ಎರಡು ಮಾತಿಲ್ಲ. ಒಣ ಸೌದೆ, ಒಳ್ಳೆಯ ಒಲೆ ಇದ್ದರೆ ಬಹಳ ಕಡಿಮೆಯಾಗುತ್ತೆ, ಸೊನ್ನೆ ಆಗಲ್ಲ. ಹಾಗಾಗಿ ಮನೆಗೆ ಮನೆ ಅಂಟಿಕೊಂಡ ನಗರಕ್ಕೆ ಇದು ಬೇಡ ಅನ್ನೋದು ನಮ್ಮ ನಿಲುವು. ಇದು ಗುಡ್ಡದ ಊರುಗಳ ಇಂಧನ.

ಎರಡನೆಯದು ಇಂಗಾಲ. ಮರ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಬರುತ್ತೆ. ಮತ್ತೆ ಬೆಳೆದ ಮರ ಅದನ್ನು ಹೀರಿಕೊಳ್ಳುತ್ತೆ ಅನ್ನೋದು ನಿಜ, ಮತ್ತೆ ಬೆಳೆದರೆ ಮಾತ್ರ. ಜಪಾನಿನಲ್ಲಿ ಬೋಳು ಕಡಿದ ತೋಪುಗಳಲ್ಲಿ ಮರುನಾಟಿ ಆಗೋದು ಹತ್ತರಲ್ಲಿ ಮೂರು ನಾಲ್ಕು ಪಾಲು ಅಷ್ಟೇ. ಅಂಥ ಕಡೆಯ ಸೌದೆಯನ್ನು ಹಸಿರು ಇಂಧನ ಅಂತ ಕರೆಯೋದಕ್ಕೆ ನಾವು ಒಪ್ಪಲ್ಲ. ಸವರಿದ ಮರ, ಮತ್ತೆ ಚಿಗುರೋ ಬೊಡ್ಡೆಯ ಮರ, ಇವಕ್ಕೆ ಮಾತ್ರ ಆ ಹೆಸರು.

ಮೂರನೆಯದು ಫುಕುಶಿಮಾ. ಅಣು ದುರಂತದ ನಂತರ ಅಲ್ಲಿನ ಕಾಡಿಗೆ ಸೀಸಿಯಂ ಬಿತ್ತು. 2011ರ ನವೆಂಬರಿನಲ್ಲಿ ಸರ್ಕಾರ ಸೌದೆಗೆ ಕೆಜಿಗೆ 40 ಬೆಕ್ವೆರೆಲ್ ಮಿತಿ ಹಾಕಿತು. ಇಷ್ಟು ಬಿಗಿ ಯಾಕೆ? ಸೌದೆ ಉರಿದು ಬೂದಿಯಾದಾಗ ತೂಕ ಇನ್ನೂರನೇ ಒಂದು ಪಾಲಿಗೆ ಇಳಿಯುತ್ತೆ, ಸೀಸಿಯಂ ಮಾತ್ರ ಬೂದಿಯಲ್ಲೇ ಕೂರುತ್ತೆ. 40 ಅನ್ನೋದು ಸುಮಾರು 8000 ಆಗುತ್ತೆ. ಕಸವಾಗಿ ಎಸೆಯಬಹುದಾದ ಬೂದಿಗೆ 8000ವೇ ಗಡಿ. ತಲೆಮಾರುಗಳಿಂದ ಬೂದಿಯನ್ನು ಹೊಲಕ್ಕೆ ಹಾಕ್ತಿದ್ದ ಜನ, ಅದೇ ಬೂದಿಗೆ ಹೆದರೋ ಹಾಗಾಯ್ತು. ಸೌದೆ ನಂಬಿದವನ ಬದುಕು ಅವನ ಕಾಡಿನ ಮಣ್ಣಿಗೆ ಕಟ್ಟಿಹಾಕಿದ್ದು. ಮಣ್ಣು ಕೆಟ್ಟರೆ ಬೇರೆ ದಾರಿ ಇಲ್ಲ.

ಕೊನೆಯದು ಅತಿ ದೊಡ್ಡದು. 'ಮರದಿಂದ ಕರೆಂಟ್ ಮಾಡಬಹುದಲ್ಲ?' ಮಾಡ್ತಿದ್ದಾರೆ. 2012ರ ಜುಲೈಯಿಂದ ಜಪಾನ್ ಸರ್ಕಾರದ ಯೋಜನೆಯಲ್ಲಿ, ಬಳಕೆಯಾಗದ ಮರದಿಂದ ತಯಾರಿಸಿದ ವಿದ್ಯುತ್ತಿಗೆ ಯೂನಿಟ್‌ಗೆ 32 ಯೆನ್, 20 ವರ್ಷ ಖಾತರಿ. 5 ಮೆಗಾವ್ಯಾಟಿನ ಒಂದು ಸ್ಥಾವರಕ್ಕೆ ವರ್ಷಕ್ಕೆ ಸುಮಾರು 60 ಸಾವಿರ ಟನ್ ಮರ ಬೇಕು. ಅದರ ಶಾಖದಲ್ಲಿ ವಿದ್ಯುತ್ ಆಗೋದು ಕಾಲು ಭಾಗದಷ್ಟು, ಉಳಿದದ್ದು ಬಹುಪಾಲು ಗಾಳಿಗೆ. ಒಳ್ಳೆಯ ಸೌದೆ ಸ್ಟೌವ್ ಶೇ 70ರಷ್ಟನ್ನು ಮನೆಯೊಳಗೆ ಕೊಡುತ್ತೆ. ಹಗಲೂ ರಾತ್ರಿ ಬಾಯಿ ತೆರೆದಿರೋ ಸ್ಥಾವರಕ್ಕೆ ಚಿಕ್ಕ ಟ್ರಕ್ಕಿನ ರೈತ ಲೆಕ್ಕಕ್ಕೇ ಇಲ್ಲ, ಅದಕ್ಕೆ ಗುಡ್ಡಗಟ್ಟಲೆ ಮರ ಬೇಕು.

ನಾವು ಹೇಳೋದಿಷ್ಟು

ಸಾರ್ವಜನಿಕರ ದುಡ್ಡು ಖರ್ಚಾಗೋದಾದರೆ ಅದು ಸೀಳೋ ಯಂತ್ರಕ್ಕೆ, ಒಣಗಿಸೋ ಸೂರಿಗೆ, ಹೊಗೆ ಕಡಿಮೆಯ ಒಲೆಗೆ, ಮರ ಕಡಿಯುವವರ ಸುರಕ್ಷತಾ ತರಬೇತಿಗೆ ಹೋಗಲಿ. ಮುಕ್ಕಾಲು ಶಾಖವನ್ನು ಆಕಾಶಕ್ಕೆ ಬಿಡೋ ಸ್ಥಾವರಕ್ಕೆ ಬೇಡ. ಎ ದರ್ಜೆಯ ಮರ ಮನೆ ಕಟ್ಟೋದಕ್ಕೇ ಹೋಗಲಿ. ಸಿ, ಡಿ ದರ್ಜೆಯ ಮರ ಒಣಗಿದ ಸೌದೆಯಾಗಿ ಪಕ್ಕದ ಊರಿಗೆ ಹೋಗಲಿ. ಮೂರು ಷರತ್ತು ಮಾತ್ರ: ಒಣಗಿರಬೇಕು, ಹತ್ತಿರದ್ದಾಗಿರಬೇಕು, ಮತ್ತೆ ಬೆಳೆಯುವಷ್ಟೇ ಕಡಿದಿರಬೇಕು.

ನಮ್ಮೂರಿಗೆ ಇದರಿಂದ ಏನು? ಅಡುಗೆಮನೆಗೆ ಮತ್ತೆ ಸೌದೆ ತನ್ನಿ ಅಂತ ಖಂಡಿತ ಹೇಳ್ತಿಲ್ಲ. ಗ್ಯಾಸ್ ಬಂದು ಹೆಣ್ಣುಮಕ್ಕಳ ತಲೆಯ ಹೊರೆ, ಕಣ್ಣಿನ ಹೊಗೆ ಎರಡೂ ಇಳಿದಿದೆ, ಅದು ಹಾಗೇ ಇರಲಿ. ಆದರೆ ಬಚ್ಚಲ ಹಂಡೆ, ಅಡಿಕೆ ಬೇಯಿಸೋ ಒಲೆ, ಮದುವೆ ಮನೆ, ಹೋಟೆಲು, ಇವೆಲ್ಲ ಇವತ್ತೂ ಸೌದೆಯ ಮೇಲೇ ನಡೀತಿವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಅಸ್ತ್ರ ಕೇಂದ್ರ ಶುರು ಮಾಡಿದರು, ಅಲ್ಲಿಂದ ಬಂದ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಿಗೆ ಹೋಯ್ತು. ಒಲೆಯ ಬಗ್ಗೆ ನಮ್ಮವರು ಅಷ್ಟು ತಲೆ ಕೆಡಿಸಿಕೊಂಡಿದ್ದರು. ಸೌದೆಯ ಬಗ್ಗೆ ಅಷ್ಟು ಯೋಚನೆ ನಡೀಲಿಲ್ಲ. ತೂಕದ ಮೇಲೆ ಹಸಿ ಸೌದೆ ಕೊಂಡಾಗ ನಾವು ಅರ್ಧ ದುಡ್ಡು ನೀರಿಗೆ ಕೊಡ್ತೀವಿ. ಮಾರೋನಿಗೂ ಒಣಗಿಸೋದರಿಂದ ನಷ್ಟ, ತೂಕ ಇಳಿಯುತ್ತಲ್ಲ! ಮಲೆನಾಡಿನ ಅಕೇಶಿಯಾ ತೋಪು, ಕಾಫಿ ತೋಟದ ಸಿಲ್ವರ್ ಓಕ್ ಕೊಂಬೆ, ಇವನ್ನು ಸೀಳಿ ಒಣಗಿಸಿ, ಒಣಗಿಗೆ ತಕ್ಕ ಬೆಲೆಗೆ ಮಾರೋ ಒಂದು ಸಣ್ಣ ವ್ಯಾಪಾರಕ್ಕೆ ಇಲ್ಲೂ ಜಾಗ ಇದೆ ಅಂತ ನಮಗನಿಸುತ್ತೆ. ನಿಮ್ಮೂರಲ್ಲಿ ಯಾರಾದರೂ ಆಗಲೇ ಮಾಡ್ತಿದ್ದರೆ ನಮಗೆ ತಿಳಿಸಿ.

ಮುಂದಿನ ಸಲ ಆ ಪ್ರತಿಮೆಯ ಮುಂದೆ ನಿಂತರೆ ಹುಡುಗನ ಬೆನ್ನಿನ ಕಡೆಗೂ ಒಮ್ಮೆ ನೋಡಿ. ಆ ಹೊರೆ ಮಾರಿದ್ದಕ್ಕೇ ಅವನಿಗೆ ಪುಸ್ತಕ ಹಿಡಿಯೋದು ಸಾಧ್ಯವಾಯ್ತು.

ಈ ಸಂಚಿಕೆ ಇಷ್ಟವಾಗಿದ್ದರೆ ಮನೆಯ ಹಿರಿಯರ ಜೊತೆ ಕೂತು ಇನ್ನೊಮ್ಮೆ ಕೇಳಿ, ಅವರ ಕಾಲದ ಸೌದೆ ಕೊಟ್ಟಿಗೆಯ ಕಥೆ ಕೇಳಿ ನಮಗೂ ಬರೆದು ಕಳಿಸಿ.